ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ, ಮೈಯಲ್ಲಿ ತೊಂದರೆಯಿಲ್ಲ: ಮಾತ್ರೆ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಉರಿಮೂತ್ರವಿಲ್ಲ, ಜ್ವರವಿಲ್ಲ. ಸಾಮಾನ್ಯ ತಪಾಸಣೆಯಲ್ಲಿ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಕಂಡುಬಂತು. ಮೂರು ಬಾರಿ ಆ್ಯಂಟಿಬಯೋಟಿಕ್ ಕೊಡಿಸಿದರೂ ಮತ್ತೆ ಅದೇ ವರದಿ. ಇನ್ನೂ ಬಲವಾದ ಔಷಧ ಯಾವುದು?

ಉತ್ತರ: ಯಾವುದೂ ಬೇಡ. ಮೊದಲ ಬಾರಿ ಕೊಡಿಸಿದ್ದೂ ಬೇಕಿರಲಿಲ್ಲ. ಈ ಪ್ರಶ್ನೆ ನಿಲ್ಲದೆ ಬರುತ್ತಿದೆ. ಪ್ರತಿ ಸಲವೂ ಅಷ್ಟು ಹೊತ್ತಿಗೆ ಯಾರೋ ಹಿರಿಯರು ಎರಡು ಮೂರು ಕೋರ್ಸ್ ನುಂಗಿ ಮುಗಿಸಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ವಯಸ್ಸಾದ ಮಹಿಳೆಯರ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ಇರುವುದು ತೀರಾ ಸಾಮಾನ್ಯ. ದೀರ್ಘಕಾಲ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿಸಿಕೊಂಡವರಲ್ಲಂತೂ ಬಹುತೇಕ ಎಲ್ಲರಲ್ಲೂ ಇರುತ್ತದೆ. ವರದಿಯಲ್ಲಿ ಕೀವುಕಣಗಳಿದ್ದರೂ, ಮೂತ್ರ ಮಬ್ಬಾಗಿದ್ದರೂ, ವಾಸನೆ ಬಂದರೂ, ಲಕ್ಷಣಗಳಿಲ್ಲದಿದ್ದರೆ ಅದು ಮದ್ದು ಬೇಡುವ ಸೋಂಕಲ್ಲ. ಮಾತ್ರೆ ಕೊಟ್ಟರೆ ಕೆಲವು ದಿನ ವರದಿ ಶುದ್ಧವಾಗುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಮರಳುತ್ತದೆ. ಮರಳುವಾಗ ಆ ಔಷಧಕ್ಕೆ ಬಗ್ಗದ ತಳಿಯೇ ಬರಬಹುದು. ನಾಳೆ ನಿಮ್ಮ ತಾಯಿಗೆ ನಿಜವಾಗಿಯೂ ಕಿಡ್ನಿ ಸೋಂಕಾದರೆ ಕೆಲಸ ಮಾಡುವಂಥ, ಬಾಯಿಗೆ ಕೊಡುವ ಮಾತ್ರೆ ಉಳಿದಿರಬೇಕಲ್ಲ? ಜೊತೆಗೆ ಕರುಳಿನ ಉಪಕಾರಿ ಜೀವಿಗಳು ಸತ್ತು, ಹಿರಿಯರಲ್ಲಿ ಪ್ರಾಣಕ್ಕೇ ಕುತ್ತಾಗುವ ಭೇದಿ ಹಿಡಿಯಬಹುದು.

‘ಬಲವಾದ ಔಷಧ’ ಎಂದು ನೀವು ಕೇಳುವಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಸಿಪ್ರೊಫ್ಲಾಕ್ಸಸಿನ್ ಬಳಗದ ಆ್ಯಂಟಿಬಯೋಟಿಕ್‌ಗಳು. ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿ) ಹರಿಯುವುದು, ನರಗಳಿಗೆ ಹಾನಿ ಮುಂತಾದ ಅಪಾಯಗಳಿಂದಾಗಿ, ಬೇರೆ ದಾರಿಯಿರುವಾಗ ಸರಳ ಮೂತ್ರಸೋಂಕಿಗೆ ಇವುಗಳನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿದೆ. ಸೋಂಕೇ ಇಲ್ಲದವರಿಗೆ ಕೊಡುವ ಮಾತೇ ಇಲ್ಲ.

ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ಗರ್ಭಿಣಿಯರಿಗೆ ಮತ್ತು ರಕ್ತಸ್ರಾವವಾಗುವಂಥ ಮೂತ್ರಾಂಗ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ. ನಿಮ್ಮ ತಾಯಿಗೆ ಉರಿ, ಮೂತ್ರಕ್ಕೆ ತಡೆಯಲಾಗದ ಅವಸರ, ಚಳಿಜ್ವರ, ಪಕ್ಕೆನೋವು ಅಥವಾ ವಾಂತಿ ಶುರುವಾದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಕಲ್ಚರ್ ಮಾಡಿಸುವುದನ್ನೇ ನಿಲ್ಲಿಸಿ.

ಪ್ರಶ್ನೆ: ಹಿಂದಿನ ಸಲ ಉಳಿದ ಮಾತ್ರೆಗಳನ್ನು ಈಗಿನ ಉರಿಗೆ ನುಂಗಬಹುದೇ?

ಉತ್ತರ: ಬೇಡ. ಕಲ್ಚರ್‌ಗೆ ಮೂತ್ರ ಕೊಡುವ ಮುನ್ನ ಒಂದು ಮಾತ್ರೆ ನುಂಗಿದರೂ ವರದಿ ದಾರಿ ತಪ್ಪಿಸಬಹುದು.

ಪ್ರಶ್ನೆ: ಕ್ರ್ಯಾನ್‌ಬೆರಿ ರಸ ಕುಡಿದರೆ ಸೋಂಕು ವಾಸಿಯಾಗುತ್ತದೆಯೇ?

ಉತ್ತರ: ಇಲ್ಲ. ಪದೇ ಪದೇ ಸೋಂಕಾಗುವ ಕೆಲವು ಮಹಿಳೆಯರಲ್ಲಿ ಮರುಕಳಿಸುವುದನ್ನು ಅದು ಕಡಿಮೆ ಮಾಡಬಹುದು, ಅಷ್ಟೆ.

ಪ್ರಶ್ನೆ: ‘ಕಿಡ್ನಿ ಶುದ್ಧಿ’ ಪುಡಿಯನ್ನು ಒಬ್ಬರು ಕೊಟ್ಟಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಒಳಗೇನಿದೆ ಎಂದು ಬರೆಯದ ಪುಡಿಯನ್ನು ಕಸದ ಬುಟ್ಟಿಗೆ ಹಾಕಿ. ಅದನ್ನು ಕೊಟ್ಟವರು ವೈದ್ಯರಲ್ಲ, ವಂಚಕರು.

ಪ್ರಶ್ನೆ: ಗಂಡಸು ನಾನು, 50 ವರ್ಷ. ಮೂರು ದಿನಗಳಿಂದ ಉರಿಮೂತ್ರ ಮತ್ತು ಚಳಿಜ್ವರವಿದೆ. ನೀರು ಹೆಚ್ಚು ಕುಡಿದರೆ ಸಾಕೇ?

ಉತ್ತರ: ಸಾಲದು. ಪ್ರಾಸ್ಟೇಟ್ ಗ್ರಂಥಿಗೋ ಕಿಡ್ನಿಗೋ ಸೋಂಕು ತಗುಲಿರಬಹುದು. ಇದನ್ನು ಓದಿದ ಕೂಡಲೇ ಆಸ್ಪತ್ರೆಗೆ ಹೊರಡಿ.