ಮೆಣಸಿನಕಾಯಿ ಘಾಟಿಗೆ ಮೂಗಿನ ಒಳಪದರ ಸುಟ್ಟುಹೋಗುತ್ತಾ?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಎಂಟು ವರ್ಷ ಆಯ್ತು. ಸೀಸನ್‌ನಲ್ಲಿ ದಿನಾ ಸೀನು, ಮೂಗಲ್ಲಿ ನೀರು. ಈಗ ಸೀಸನ್ ಮುಗಿದರೂ ಮೂಗು ಕಟ್ಟಿರುತ್ತೆ, ಗಂಟಲಿಗೆ ಸಿಂಬಳ ಇಳಿಯುತ್ತೆ. ‘ಒಳಗಿನ ಪದರ ಸುಟ್ಟು ಹೋಗಿದೆ, ಇನ್ನು ಬರಲ್ಲ’ ಅಂತ ಜೊತೆಯವರು ಹೆದರಿಸುತ್ತಾರೆ. ನಿಜವೇ ಡಾಕ್ಟ್ರೇ?

ಉತ್ತರ (ಇಎನ್‌ಟಿ ವೈದ್ಯರು, ಹುಬ್ಬಳ್ಳಿ): ಇಲ್ಲ ತಾಯಿ, ಸುಟ್ಟಿಲ್ಲ. ಉರಿ ನಿಜ, ಆದರೆ ಅದು ಬೆಂಕಿಯ ಉರಿಯಲ್ಲ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್. ಅದು ಮೂಗಿನ ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಿಸಿ ತಾಗಿದಾಗ ಎಚ್ಚರಿಸುವುದೂ ಅದೇ ಪ್ರೋಟೀನು. ಹಾಗಾಗಿ ಸುಡದಿದ್ದರೂ ಸುಟ್ಟಂತೆ ಅನ್ನಿಸಿ ಸೀನು, ನೀರು ಬರುತ್ತವೆ. 1997ರಲ್ಲಿ ಇದರ ಜೀನ್ (ಪ್ರೋಟೀನು ತಯಾರಿಸಲು ಕೋಶದಲ್ಲಿರುವ ಸೂಚನೆ) ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನವಿಡೀ ರಾಶಿಯ ಪಕ್ಕ ಕೂತರೆ ಮೂಗು ಸುಮ್ನೆ ಇರುತ್ತಾ?

ಸೀಸನ್ ಮುಗಿದ ಮೇಲೂ ತೊಂದರೆ ಉಳಿದಿದೆಯಲ್ಲ, ಅದಕ್ಕೆ ಕಾರಣ ಬೇರೆ. ಮೂಗಿನ ಒಳಪದರದಲ್ಲಿ ಮುಖ್ಯವಾಗಿ ಮೂರು ಬಗೆಯ ಜೀವಕೋಶಗಳಿವೆ. ಲೋಳೆ ಸುರಿಸುವವು ಕೆಲವು. ಆ ಲೋಳೆಯನ್ನು ಧೂಳಿನ ಸಮೇತ ಗಂಟಲ ಕಡೆ ತಳ್ಳುವವು ಕೆಲವು. ಇವುಗಳ ತಲೆಯ ಮೇಲೆ ಸುಮಾರು 200 ಸಣ್ಣ ಎಳೆಗಳಿದ್ದು, ಸೆಕೆಂಡಿಗೆ ಹತ್ತು ಸಲವಾದರೂ ಬೀಸುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಾಳಿಗೆ ಹೊರಳುವ ಗೋಧಿ ಹೊಲ ಕಂಡ ಹಾಗಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಮೂರನೆಯವು ತಳದ ಕೋಶಗಳು. ಇವೇ ಸಸಿ ಮಡಿ ಇದ್ದ ಹಾಗೆ. ಮೇಲಿನ ಕೋಶ ಸತ್ತರೆ ಇಲ್ಲಿಂದ ಹೊಸದು ಎದ್ದು ಬರುತ್ತದೆ.

ಅದು ಲೋಳೆಯ ಕೋಶ ಆಗಬೇಕೋ, ಎಳೆಯ ಕೋಶ ಆಗಬೇಕೋ? ಎಲ್ಲ ಕೋಶದಲ್ಲೂ ಅದೇ 20,000ದಷ್ಟು ಜೀನ್‌ಗಳಿರುತ್ತವೆ. ಯಾವುದು ಕೆಲಸಕ್ಕೆ ಇಳಿಯುತ್ತದೆ ಅನ್ನುವುದರ ಮೇಲೆ ಕೋಶದ ಬಗೆ ನಿಂತಿದೆ. ಪಕ್ಕದ ಕೋಶದಿಂದ ನಾಚ್ ಎಂಬ ಸಂಕೇತ ಬಂದರೆ ಲೋಳೆಯ ದಾರಿ. ಬರದಿದ್ದರೆ ಫಾಕ್ಸ್‌ಜೆ1 ಎಂಬ ಜೀನ್ ಎದ್ದು ಎಳೆಗಳು ಮೂಡುತ್ತವೆ.

ಧೂಳು, ಹೊಗೆ, ಅಲರ್ಜಿ ದಿನಾ ಕಾಡಿದರೆ ಈ ಲೆಕ್ಕ ತಪ್ಪುತ್ತದೆ. ಅಲರ್ಜಿಯಲ್ಲಂತೂ ಐಎಲ್-13 ಎಂಬ ರಾಸಾಯನಿಕ ಸಂದೇಶ ಸಿಂಬಳದ ಜೀನ್‌ಗಳನ್ನು ಎಬ್ಬಿಸುತ್ತದೆ, ಎಳೆಯ ಕೋಶ ಕಡಿಮೆಯಾಗುತ್ತವೆ. ಸಿಂಬಳ ಜಾಸ್ತಿ, ತಳ್ಳುವವರು ಕಡಿಮೆ. ನೀವು ಬರೆದದ್ದು ಓದಿದರೆ ಇದೇ ಆಗಿರಬೇಕು ಅನ್ನಿಸುತ್ತದೆ.

ಸಸಿ ಮಡಿ ಉಳಿದಿದ್ದರೆ ಬೆಳೆ ಬರುತ್ತದೆ, ಅಲ್ವಾ? ಮೂಗಿನಿಂದ ತೆಗೆದ ತಳದ ಕೋಶಗಳನ್ನು ಪ್ರಯೋಗಾಲಯದಲ್ಲಿ, ಕೆಳಗೆ ಪೋಷಕ ದ್ರವ, ಮೇಲೆ ಗಾಳಿ ಇಟ್ಟು ಬೆಳೆಸುತ್ತಾರೆ. ಮೂರು-ನಾಲ್ಕು ವಾರದಲ್ಲಿ ಎಳೆಗಳು ಬೀಸತೊಡಗುತ್ತವೆ. ನಿಮ್ಮ ಮೂಗು ಸರಿಹೋಗಲು ಇನ್ನೂ ಜಾಸ್ತಿ ದಿನ ಹಿಡಿಯಬಹುದು, ಅದೂ ಧೂಳು ತಪ್ಪಿದರೆ ಮಾತ್ರ ಸರಿಹೋಗುತ್ತದೆ.

ಸೆರಗು ಕಟ್ಟಿಕೊಂಡರೆ ಸಾಲದು, ಸಣ್ಣ ಧೂಳು ಅದರಲ್ಲಿ ನುಸುಳುತ್ತದೆ. ಎನ್95 ಮಾಸ್ಕ್ ಹಾಕಿ. ಕೆಲಸದಿಂದ ಬಂದ ಮೇಲೆ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಮೂಗು ತೊಳೆಯಿರಿ. ಕುದಿಸದ ನಲ್ಲಿ ನೀರು ಖಂಡಿತ ಬೇಡ. ಮೂಗು ಬಿಡಿಸುವ ಡ್ರಾಪ್ಸ್ ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಅದೇ ಮೂಗು ಕಟ್ಟಿಸುತ್ತದೆ.

ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಬಂದರೆ, ವಾಸನೆ ತಿಳಿಯದಿದ್ದರೆ ತಡ ಮಾಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಹೋಗುವಾಗ ಇಷ್ಟು ದಿನ ಮೂಗಿಗೆ ಹಾಕಿಕೊಂಡ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.