ಎರಡು ಹಳದಿ ಕಾರ್ಡು, ತೋರಿಸದ ಕೆಂಪು ಕಾರ್ಡು

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನಮ್ಮೂರ ಗದ್ದೆಯಲ್ಲಿ ನಡೆದ 15 ವರ್ಷದೊಳಗಿನವರ ಸೆವೆನ್ಸ್ (ತಂಡಕ್ಕೆ ಏಳು ಮಂದಿ ಆಡುವ ಫುಟ್ಬಾಲ್) ಪಂದ್ಯಾಟದ ಸೆಮಿಫೈನಲಿನಲ್ಲಿ ರೆಫರಿ ನನ್ನ ಮಗನಿಗೆ ಎರಡು ಸಲ ಹಳದಿ ಕಾರ್ಡು ತೋರಿಸಿದರೂ ಹೊರಗೆ ಕಳುಹಿಸಲಿಲ್ಲ. ಅವನು ಕೊನೆಯವರೆಗೂ ಆಡಿದ, ಅವನ ತಂಡ ಗೆದ್ದಿತು. ಎದುರು ತಂಡದವರು ದೂರು ಕೊಟ್ಟಾಗ ಸಂಘಟಕರು ಫಲಿತಾಂಶವನ್ನು ರದ್ದುಮಾಡಿ, ಗೊತ್ತಿದ್ದೂ ಮೈದಾನ ಬಿಡಲಿಲ್ಲವೆಂದು ಮಗನಿಗೆ ಎರಡು ವರ್ಷ ನಿಷೇಧ ಹಾಕಿದರು. ನಿಷೇಧದ ಪತ್ರ ಮಲಯಾಳದಲ್ಲಿತ್ತು. ಪಕ್ಕದ ಮನೆಯವರಿಂದ ಓದಿಸಿಕೊಂಡೆವು. ಇದು ಸರಿಯೇ?
– ಒಬ್ಬ ತಾಯಿ, ಕುಂಬಳೆ

ಉತ್ತರ: ನಿಷೇಧ ಸರಿಯಲ್ಲ. ಆದರೆ ಸಂಘಟಕರು ದೂರನ್ನು ಕೈಗೆತ್ತಿಕೊಂಡದ್ದನ್ನು ತಪ್ಪೆನ್ನಲಾರೆ. ಚೆಂಡು ಗೆರೆ ದಾಟಿತೇ, ಅಡ್ಡಗಾಲು ಕೊಟ್ಟದ್ದು ಹೌದೇ ಎಂಬಂತಹ, ರೆಫರಿ ಕಣ್ಣಾರೆ ಕಂಡು ನಿರ್ಧರಿಸುವ ಸಂಗತಿಗಳಲ್ಲಿ ಅವರ ತೀರ್ಮಾನವೇ ಕೊನೆಯದೆಂದು ಫುಟ್ಬಾಲಿನ 5ನೇ ನಿಯಮ ಹೇಳುತ್ತದೆ. ಎರಡನೇ ಹಳದಿ ಕಾರ್ಡು ಬಿದ್ದವನನ್ನು ಕೆಂಪು ಕಾರ್ಡು ತೋರಿಸಿ ಹೊರಗೆ ಕಳುಹಿಸಬೇಕೆಂಬ 12ನೇ ನಿಯಮದ ಮಾತು ಆ ಬಗೆಯದಲ್ಲ. ಅಲ್ಲಿ ರೆಫರಿಯ ವಿವೇಚನೆಗೆ ಎಡೆಯಿಲ್ಲ. ಹಾಗಾಗಿ ಇದು ನಿಯಮವನ್ನು ಅನ್ವಯಿಸುವಲ್ಲಿ ಆದ ತಪ್ಪು, ದೂರಿಗೆ ಆಧಾರವಾಗಬಲ್ಲದು.

ಅಂಥ ತಪ್ಪಿಗೆ ಪರಿಹಾರ ಏನೆಂಬುದು ಬೇರೆ ಪ್ರಶ್ನೆ. 2005ರ ಉಜ್ಬೇಕಿಸ್ತಾನ–ಬಹರೈನ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕ್ ತಂಡದ ಪೆನಾಲ್ಟಿ ಗೋಲು ಸೇರಿತಾದರೂ, ಒದೆಯುವ ಮುಂಚೆಯೇ ಅದೇ ತಂಡದ ಇನ್ನೊಬ್ಬ ಆವರಣದೊಳಗೆ ನುಗ್ಗಿದ್ದ. ಮತ್ತೊಮ್ಮೆ ಒದೆಸಬೇಕಿದ್ದ ರೆಫರಿ ಬಹರೈನಿಗೆ ಫ್ರೀ ಕಿಕ್ ಕೊಟ್ಟರು. 1–0 ಅಂತರದಿಂದ ಗೆದ್ದಿದ್ದರೂ ಉಜ್ಬೇಕಿಸ್ತಾನವೇ ದೂರು ಕೊಟ್ಟು, 3–0 ಗೆಲುವೆಂದು ಘೋಷಿಸಬೇಕೆಂದು ಕೇಳಿತು. ಫಿಫಾ ಮರುಪಂದ್ಯ ಆಡಿಸಿತು, ಅದು 1–1 ಸಮವಾಯಿತು, ಕೊನೆಗೆ ಮುಂದಿನ ಹಂತಕ್ಕೆ ಹೋದದ್ದು ಬಹರೈನ್.

ನಿಮ್ಮ ಮಗನ ಪ್ರಕರಣಕ್ಕೆ ಇನ್ನೂ ಹತ್ತಿರದ್ದು 2006ರ ವಿಶ್ವಕಪ್ಪಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ನಡೆದ ಕ್ರೊಯೇಷ್ಯ–ಆಸ್ಟ್ರೇಲಿಯ ಪಂದ್ಯ. ಕ್ರೊಯೇಷ್ಯದ 3ನೇ ಅಂಗಿಯ ಜೋಸಿಪ್ ಶಿಮುನಿಚ್ ಅವರಿಗೆ ಕಾರ್ಡು ತೋರಿಸಿದ ರೆಫರಿ ಗ್ರಹಾಂ ಪೋಲ್, ತಮ್ಮ ಪುಸ್ತಕದಲ್ಲಿ ಆಸ್ಟ್ರೇಲಿಯದ 3ನೇ ಅಂಗಿಯವನ ಹೆಸರಿಗೆ ಅದನ್ನು ಬರೆದುಕೊಂಡಿದ್ದರು. ಹೀಗಾಗಿ ಶಿಮುನಿಚ್ ಹೊರಹೋದದ್ದು ಮೂರನೇ ಹಳದಿ ಕಾರ್ಡಿಗೆ. 2–2 ಫಲಿತಾಂಶ ಹಾಗೆಯೇ ಉಳಿಯಿತು. ತಪ್ಪಿನ ಭಾರ ರೆಫರಿಯ ಮೇಲೆ ಬಿತ್ತು. ಆ ವಿಶ್ವಕಪ್ಪಿನಲ್ಲಿ ಅವರಿಗೆ ಮತ್ತೆ ಪಂದ್ಯ ಕೊಡಲಿಲ್ಲ.

ನಿಮ್ಮ ಮಗನ ಮೇಲೆ ಹೊರಿಸಿದ ಆರೋಪ ನನಗೆ ಅತ್ಯಂತ ನೋವು ತಂದಿತು. ರೆಫರಿಯ ಅನುಮತಿಯಿಲ್ಲದೆ ಬೇಕೆಂದೇ ಮೈದಾನ ಬಿಟ್ಟು ಹೋಗುವುದಕ್ಕೂ ಹಳದಿ ಕಾರ್ಡೇ ಶಿಕ್ಷೆ. ಹೀಗಿರುವಾಗ ದೊಡ್ಡವರು ಕಳುಹಿಸದೆ ಅವನು ತಾನಾಗಿ ಹೊರಡಬೇಕಿತ್ತೆಂದು ಹೇಳುವುದು ಹೇಗೆ? ಮರೆತವರು ರೆಫರಿ, ನೆನಪಿಸದವರು ಮೇಜಿನ ಬಳಿ ಕಾರ್ಡಿನ ಲೆಕ್ಕ ಇಡುತ್ತಿದ್ದವರು. ಕೆಂಪು ಕಾರ್ಡಿಗೆ ಸಾಮಾನ್ಯವಾಗಿ ಮುಂದಿನ ಒಂದು ಪಂದ್ಯದಿಂದ ಹೊರಗಿಡುತ್ತಾರೆ, ಅಷ್ಟನ್ನು ಒಪ್ಪಿಕೊಳ್ಳಬಹುದು. ಬೆಳೆಯುವ ಹುಡುಗನ ಎರಡು ವರ್ಷವನ್ನು ಕಸಿದುಕೊಳ್ಳುವುದು ಅನ್ಯಾಯ.

ಸಂಘಟಕರಿಗೆ ಲಿಖಿತ ಮೇಲ್ಮನವಿ ಕೊಡಿ. ಕನ್ನಡದಲ್ಲೇ ಬರೆಯಿರಿ, ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡದ ಮಕ್ಕಳನ್ನು ಆಡಲು ಕರೆದವರು ನಿಯಮಾವಳಿಯನ್ನೂ ಪತ್ರವನ್ನೂ ಕನ್ನಡದಲ್ಲೂ ಕೊಡಬೇಕೆಂದು ಅದರಲ್ಲಿ ಸೇರಿಸಿ. ದೂರು ಯಾವಾಗ ಬಂತು, ನಿಯಮಾವಳಿಯಲ್ಲಿ ದೂರಿಗೆ ಗಡುವಿತ್ತೇ, ಫಲಿತಾಂಶವನ್ನು ರದ್ದುಮಾಡಲು ಯಾವ ಕಲಮು ಅಧಿಕಾರ ಕೊಡುತ್ತದೆ, ತೀರ್ಮಾನಿಸಿದವರಲ್ಲಿ ಎದುರು ತಂಡದವರು ಇದ್ದರೇ, ಹೆತ್ತವರ ಸಮ್ಮುಖದಲ್ಲಿ ಹುಡುಗನ ಮಾತನ್ನು ಕೇಳಿದರೇ ಎಂಬಿಷ್ಟಕ್ಕೆ ಉತ್ತರ ಕೇಳಿ. ರೆಫರಿಯ ವರದಿಯ ಪ್ರತಿಯನ್ನೂ ಕೇಳಿ. ಎರಡೂ ಕಾರ್ಡುಗಳ ನಿಮಿಷ ಅದರಲ್ಲಿ ದಾಖಲಾಗಿದ್ದರೆ ತಪ್ಪು ಯಾರದೆಂದು ಅದೇ ಹೇಳುತ್ತದೆ.