ಒಂದೇ ಬಾಣಲೆಯಲ್ಲಿ ರಾತ್ರಿಯೂಟ: ಸಾಸೇಜು, ಆಲೂಗಡ್ಡೆ ಮತ್ತು ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸಾಸೇಜು, ಆಲೂಗಡ್ಡೆ ಹಾಕಿ ಒಂದೇ ಬಾಣಲೆಯಲ್ಲಿ ಊಟ ಮುಗಿಸೋ ವಿಚಾರ ನಾಲ್ಕೇ ಸಾಲಲ್ಲಿ ಬರೆದಿದ್ದೆ. ಅಷ್ಟು ಚುಟುಕಾಗಿ ಬರೆದಿದ್ದಕ್ಕೆ ಕಾಗದಗಳೂ ಬಂದಿವೆ, ಬೈಗುಳವೂ ಬಂದಿದೆ. ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಅಕ್ಕಾ, ನಾನು, ನನ್ನ ಹೆಂಡತಿ ಇಬ್ಬರೂ ಆಫೀಸಿಂದ ಮನೆ ಸೇರುವಾಗ ರಾತ್ರಿ ಎಂಟು. ಚಿಕನ್ ಸಾಸೇಜು, ಆಲೂಗಡ್ಡೆ, ಈರುಳ್ಳಿ, ಟೊಮೆಟೊ ಎಲ್ಲಾ ಒಟ್ಟಿಗೆ ಬಾಣಲೆಗೆ ಹಾಕಿ ಮುಚ್ಚಿಡ್ತೀನಿ. ಅರ್ಧ ಗಂಟೆ ಆದರೂ ಆಲೂಗಡ್ಡೆ ಕಟಕಟ ಅನ್ನುತ್ತೆ, ಸಾಸೇಜು ಮಾತ್ರ ಸುಕ್ಕುಗಟ್ಟಿ ರಬ್ಬರಾಗಿರುತ್ತೆ. ಏನು ಮಾಡೋದು?
— ವಿಜಯನಗರ, ಬೆಂಗಳೂರು

ಉತ್ತರ: ಎಡವಟ್ಟು ಆಗ್ತಿರೋದು ಟೊಮೆಟೊದಿಂದ. ಸಾಂಬಾರಿಗೆ ತರಕಾರಿ ಬೇಯುವ ಮೊದಲೇ ಹುಣಸೆರಸ ಸುರಿದರೆ ಮನೆಯಲ್ಲಿ ಹಿರಿಯರು ಬೈಯುತ್ತಾರಲ್ಲ, ಆ ಮಾತು ಇಲ್ಲಿಗೂ ಸರಿ. ತರಕಾರಿಯನ್ನು ಗಟ್ಟಿಯಾಗಿ ಹಿಡಿದಿಟ್ಟಿರೋದು ಪೆಕ್ಟಿನ್ ಅನ್ನೋ ಅಂಟು. ಅದು ಕರಗಿದರೇನೇ ಆಲೂಗಡ್ಡೆ ಮೆತ್ತಗಾಗೋದು. ಹುಳಿ ಬಿತ್ತು ಅಂದರೆ ಆ ಅಂಟು ಬೇಗ ಬಿಡೋದಿಲ್ಲ, ನೀವು ಎಷ್ಟು ಹೊತ್ತು ಮುಚ್ಚಿಟ್ಟರೂ ಅಷ್ಟೇ. ಅದೂ ಅಲ್ಲದೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಬಿಟ್ಟು ಬೇರೆ ಪಾತ್ರೆಯಲ್ಲಿ ಬೇಯಿಸುವಾಗ ಮಂಗಳೂರಿನವರಿಗಿಂತ ನಿಮಗೆ ಒಂಚೂರು ಜಾಸ್ತಿ ಹೊತ್ತು ಬೇಕು.

ಇನ್ನು ಸಾಸೇಜು. ಫ್ರೀಜರಿನಲ್ಲಿ ಪ್ಯಾಕೆಟ್ ಕಟ್ಟಿ ಮಾರುವ ಚಿಕನ್ ಸಾಸೇಜು ಬಹುತೇಕ ಮೊದಲೇ ಬೆಂದಿರುತ್ತದೆ. ಲೇಬಲ್ ಒಂದು ಸಲ ಓದಿ. ಬೆಂದಿದ್ದನ್ನು ಮತ್ತೆ ಅರ್ಧ ಗಂಟೆ ಬೇಯಿಸಿದರೆ ರಬ್ಬರಾಗದೆ ಇನ್ನೇನಾಗುತ್ತೆ? ಅದಕ್ಕೆ ಬೇಕಾಗಿರೋದು ಚೆನ್ನಾಗಿ ಬಿಸಿಯಾಗೋದು, ಮೇಲೆ ಸ್ವಲ್ಪ ಕೆಂಪಗಾಗೋದು, ಅಷ್ಟೇ.

ಹೀಗೆ ಮಾಡಿ. ನಿಮ್ಮಿಬ್ಬರಿಗೆ 400 ಗ್ರಾಂ ಆಲೂಗಡ್ಡೆ, 200 ಗ್ರಾಂ ಸಾಸೇಜು, ಒಂದು ದೊಡ್ಡ ಈರುಳ್ಳಿ, ಅರ್ಧ ದಪ್ಪ ಮೆಣಸಿನಕಾಯಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ಟೊಮೆಟೊ, ಎರಡು ದೊಡ್ಡ ಚಮಚ ಎಣ್ಣೆ. ಸಾಸೇಜನ್ನು ಬೆಳಿಗ್ಗೆ ಆಫೀಸಿಗೆ ಹೊರಡುವಾಗಲೇ ಫ್ರೀಜರಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಟ್ಟುಬಿಡಿ. ಕೆಲವು ಸಾಸೇಜಿಗೆ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಸಿಪ್ಪೆ ಇರುತ್ತೆ, ನೋಡಿಕೊಂಡು ಸುಲಿಯಿರಿ. ಆಲೂಗಡ್ಡೆ ಸಿಪ್ಪೆ ತೆಗೆಯೋ ಗೋಜಿಗೆ ಹೋಗಬೇಡಿ, ಉಜ್ಜಿ ತೊಳೆದು ಬೆರಳ ತುದಿಯಷ್ಟು ಚಿಕ್ಕ ಚೌಕ ಹೆಚ್ಚಿ. ಎಲ್ಲಾ ಒಂದೇ ಸೈಜು ಇರಲಿ, ಇಲ್ಲಾಂದ್ರೆ ಒಂದು ಕರಗಿ ಹೋಗುತ್ತೆ, ಇನ್ನೊಂದು ಕಲ್ಲಾಗಿ ಉಳಿಯುತ್ತೆ.

ಅಗಲವಾದ ಬಾಣಲೆಗೆ ಆಲೂಗಡ್ಡೆ, ಎಣ್ಣೆ, ಚಿಟಿಕೆ ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಿ. ಮಧ್ಯಮ ಉರಿ. ಏಳೆಂಟು ನಿಮಿಷ ಆ ಕಡೆ ತಿರುಗಿ ನೋಡಬೇಡಿ, ಹೋಗಿ ಬಟ್ಟೆ ಬದಲಾಯಿಸಿಕೊಂಡು ಬನ್ನಿ. ಮುಚ್ಚಳ ತೆಗೆದಾಗ ಗುಳುಗುಳು ಅಂತ ನೀರು ಕುದಿಯೋ ಸದ್ದು ಕೇಳಬೇಕು, ಚಾಕು ಚುಚ್ಚಿದರೆ ಸಲೀಸಾಗಿ ಒಳಗೆ ಹೋಗಬೇಕು. ಈಗ ಮುಚ್ಚಳ ಬೇಡ. ನೀರು ಆರುತ್ತಾ ಬಂದ ಹಾಗೆ ಸದ್ದು ಬದಲಾಗುತ್ತೆ. ಗುಳುಗುಳು ನಿಂತು ಚುರ್ ಅನ್ನೋಕೆ ಶುರು ಮಾಡುತ್ತೆ, ಎಣ್ಣೆ ಬೇರೆಯಾಗಿ ಹೊಳೆಯುತ್ತೆ. ಅಂದರೆ ನೀರು ಮುಗಿಯಿತು, ಇನ್ನು ಹುರಿಯೋ ಕೆಲಸ. ನೀರಿರೋ ತನಕ ಬಾಣಲೆಯ ಬಿಸಿ ನೀರಿನ ಕುದಿ ದಾಟಿ ಮೇಲೆ ಏರೋದೇ ಇಲ್ಲ, ಕೆಂಪಗಾಗೋಕೆ ಸುಮಾರು 140 ಡಿಗ್ರಿ ಬೇಕು. ಅದಕ್ಕೇ ಈ ಸದ್ದು ಕೇಳುವ ಮೊದಲು ಎಷ್ಟು ಕೈಯಾಡಿಸಿದರೂ ಪ್ರಯೋಜನ ಇಲ್ಲ, ಆಲೂಗಡ್ಡೆ ಪುಡಿಯಾಗುತ್ತೆ ಅಷ್ಟೇ.

ಆಲೂಗಡ್ಡೆ ಒಂದು ಮಗ್ಗುಲು ಕೆಂಪಗಾದ ಮೇಲೆ ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗದಲ್ಲಿ ಓರೆಯಾಗಿ ಹೆಚ್ಚಿದ ಸಾಸೇಜು ಹರಡಿ. ಮೂರ್ನಾಲ್ಕು ನಿಮಿಷ. ಆಮೇಲೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಅದು ಬಾಡಿದ ಮೇಲೆ ಟೊಮೆಟೊ, ಕುಟ್ಟಿದ ಕಾಳುಮೆಣಸು. ಉಪ್ಪು ರುಚಿ ನೋಡದೆ ಹಾಕಲೇಬೇಡಿ, ಸಾಸೇಜಿನಲ್ಲೇ ಬೇಕಾದಷ್ಟು ಇರುತ್ತೆ. ಒಟ್ಟು ಇಪ್ಪತ್ತೈದು ನಿಮಿಷದ ಕೆಲಸ. ಚಪಾತಿ ಬೇಕು ಅಂತ ಇಬ್ಬರಲ್ಲಿ ಯಾರಾದರೂ ಅಂದರೆ, ಅಂದವರೇ ಲಟ್ಟಿಸಲಿ.

ಪ್ರಶ್ನೆ: ನಮ್ಮ ಹೊಲದಲ್ಲಿ ಬೆಳೆದ ಆಲೂಗಡ್ಡೆ ಹುರಿದರೆ ಬಂಗಾರದ ಬಣ್ಣ ಬರುತ್ತೆ. ಬೆಂಗಳೂರಲ್ಲಿರುವ ಮಗಳು ಅಂಗಡಿಯಿಂದ ತಂದು ಮಾಡಿದರೆ ಎರಡೇ ನಿಮಿಷಕ್ಕೆ ಕಪ್ಪಾಗುತ್ತಂತೆ, ತಿಂದರೆ ಸಿಹಿಯಂತೆ. ಅವಳ ಕೈಗುಣವೋ, ಗಡ್ಡೆಯ ಗುಣವೋ?
— ಹಾಸನ ತಾಲ್ಲೂಕು

ಉತ್ತರ: ಮಗಳ ಕೈಗುಣ ಚೆನ್ನಾಗೇ ಇದೆ, ಸುಮ್ನೆ ಅವಳನ್ನು ಅನ್ನಬೇಡಿ! ನಿಮ್ಮ ಕಡೆ ಮುಂಗಾರಿಗೆ ಬಿತ್ತಿದ್ದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳುತ್ತೀರಿ, ನೇರ ಅಡುಗೆಮನೆಗೆ ಬರುತ್ತೆ. ಬೆಂಗಳೂರಿನ ಅಂಗಡಿಗಳಲ್ಲಿ ವರ್ಷದ ಬಹುಪಾಲು ಸಿಗೋದರಲ್ಲಿ ಆಗ್ರಾ ಕಡೆಯ ಮಾಲೂ ಇರುತ್ತೆ, ಅದು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಕೂತು ಬಂದಿರುತ್ತೆ. ತೀರಾ ತಂಪಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತೆ. ಸಕ್ಕರೆ ಜಾಸ್ತಿಯಾದರೆ ಬಾಣಲೆಗೆ ಬಿದ್ದ ಕೂಡಲೇ ಕಪ್ಪು.

ಮಗಳಿಗೆ ಹೇಳಿ: ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡ, ತಂದಿದ್ದನ್ನು ಗಾಳಿಯಾಡುವ, ಬೆಳಕು ಬೀಳದ ಮೂಲೆಯಲ್ಲಿ ಒಂದೆರಡು ವಾರ ಇಡು, ಸಿಹಿ ಸ್ವಲ್ಪ ಇಳಿಯುತ್ತೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಹೆಚ್ಚಿದ ಮೇಲೆ ಹತ್ತು ನಿಮಿಷ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸಣ್ಣ ಉರಿಯಲ್ಲಿ ಹುರಿ. ಹಸಿರು ತಿರುಗಿದ ಭಾಗ, ಮೊಳಕೆಯ ಕಣ್ಣು ಇದ್ದರೆ ಆಳವಾಗಿ ಕೊಯ್ದು ಬಿಸಾಡಬೇಕು. ಪೂರ್ತಿ ಹಸಿರಾಗಿದ್ದರೆ, ಬಾಯಿಗಿಟ್ಟಾಗ ಕಹಿ ಅನ್ನಿಸಿದರೆ ಇಡೀ ಗಡ್ಡೆಯೇ ಬೇಡ. ಊರಿಂದ ಬರುವಾಗ ಅರ್ಧ ಮೂಟೆ ನೀವೇ ತಂದುಕೊಟ್ಟರೆ ಇಷ್ಟೆಲ್ಲಾ ರಗಳೆಯೇ ಇರೋದಿಲ್ಲ, ಅಲ್ವಾ?

ಪ್ರಶ್ನೆ: ಗೋವಾದಿಂದ ನೆಂಟರು ಅಲ್ಲಿಯ ಸಾಸೇಜಿನ ಮಾಲೆ ತಂದುಕೊಟ್ಟಿದ್ದಾರೆ. ಮಣಿ ಮಣಿಯಾಗಿದೆ, ಕೆಂಪಗಿದೆ, ಘಾಟು ಹೊಡೆಯುತ್ತೆ. ಇದನ್ನೂ ನೀವು ಹೇಳಿದ ಹಾಗೆ ಎಣ್ಣೆ ಹಾಕಿ ಹುರಿಯಬಹುದಾ?
— ಕಾರವಾರ

ಉತ್ತರ: ಬೇಡ, ಬೇಡ. ಅದರ ದಾರಿಯೇ ಬೇರೆ. ಗೋವಾ ಸಾಸೇಜು ಅಂದರೆ ಹಂದಿಮಾಂಸದ ತುಂಡುಗಳನ್ನು ಉಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮಸಾಲೆ, ವಿನೆಗರ್ ಹಾಕಿ ನೆನೆಸಿ, ಕರುಳಿನೊಳಗೆ ತುಂಬಿ, ದಾರ ಕಟ್ಟಿ ಒಣಗಿಸಿದ್ದು. ಒಣಗಿದೆ, ಆದರೆ ಬೆಂದಿಲ್ಲ. ಎಣ್ಣೆಯಲ್ಲಿ ನೇರ ಹುರಿದರೆ ಮಸಾಲೆ ಸೀದುಹೋಗುತ್ತೆ, ಒಳಗೆ ಹಸಿಯಾಗಿರುತ್ತೆ. ಎಣ್ಣೆಯಂತೂ ಬೇಡವೇ ಬೇಡ, ಅದರ ಕೊಬ್ಬೇ ಬಾಣಲೆ ತುಂಬುತ್ತೆ.

ಮತ್ತೆ ವಿನೆಗರ್ ಅಂದೆನಲ್ಲ, ವಿಜಯನಗರದವರ ಟೊಮೆಟೊ ಕತೆ ಇಲ್ಲೂ ಬಂತು. ಆಲೂಗಡ್ಡೆ ಒಟ್ಟಿಗೆ ಹಾಕಿದರೆ ಬೇಯೋಕೆ ಸತಾಯಿಸುತ್ತೆ. ಮೊದಲು ಆಲೂಗಡ್ಡೆ ಚೌಕಗಳನ್ನು ಅದೇ ಬಾಣಲೆಯಲ್ಲಿ ನೀರಲ್ಲಿ ಮುಕ್ಕಾಲು ಪಾಲು ಬೇಯಿಸಿ ತಟ್ಟೆಗೆ ತೆಗೆದಿಡಿ. ದಾರ ಬಿಚ್ಚಿ, ಸಿಪ್ಪೆ ಸೀಳಿ ಒಳಗಿನದನ್ನು ಬಾಣಲೆಗೆ ಹಾಕಿ (ಕೆಲವರು ಮಣಿಗಳನ್ನು ಹಾಗೇ ಹಾಕುತ್ತಾರೆ, ನನಗೆ ಬಿಡಿಸಿ ಹಾಕಿದ್ದೇ ಇಷ್ಟ), ಮುಳುಗುವಷ್ಟು ನೀರು, ಮುಚ್ಚಳ, ಸಣ್ಣ ಉರಿ, ಇಪ್ಪತ್ತು ನಿಮಿಷ ಬಿಡಿ. ಮಾಂಸ ಮೆತ್ತಗಾಗಿ, ನೀರು ಆರಿ, ಕೆಂಪು ಕೊಬ್ಬು ತೇಲಿದಾಗ ಉದ್ದುದ್ದ ಸೀಳಿದ ಎರಡು ಈರುಳ್ಳಿ ಹಾಕಿ ಬಾಡಿಸಿ. ಕೊನೆಗೆ ಆಲೂಗಡ್ಡೆ. ಅದು ಆ ಕೆಂಪು ಕೊಬ್ಬನ್ನು ಕುಡಿದುಕೊಂಡು ಉಪ್ಪು, ಖಾರ ಎರಡನ್ನೂ ಹದಕ್ಕೆ ತರುತ್ತೆ. ಮೇಲಿಂದ ಉಪ್ಪು ಒಂದು ಕಾಳೂ ಬೇಡ. ಪಾವ್ ನಿಮ್ಮ ಕಡೆ ಬೇಕಾದಷ್ಟು ಸಿಗುತ್ತೆ, ಮಧ್ಯ ಸೀಳಿ ತುಂಬಿಸಿ ತಿನ್ನಿ. ನನ್ನ ಕೇಳಿದರೆ ಸಾಸೇಜು ಮತ್ತು ಆಲೂಗಡ್ಡೆಯ ಜೋಡಿಯಲ್ಲಿ ಇದರ ಮುಂದೆ ಉಳಿದದ್ದೆಲ್ಲಾ ಸಪ್ಪೆ.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿದ್ದೀನಿ ಅಕ್ಕ. ರೂಮಲ್ಲಿ ಒಂದು ಕರೆಂಟ್ ಒಲೆ, ಒಂದು ಪ್ಯಾನ್, ಅಷ್ಟೇ. ಇಲ್ಲಿ ಸಾಸೇಜು ನೂರೆಂಟು ತರಹ, ಆಲೂಗಡ್ಡೆಯೂ ಮೂರು ತರಹ. ಯಾವುದು ತರಲಿ?
— ನ್ಯೂರೆಂಬರ್ಗ್

ಉತ್ತರ: ಸಾಸೇಜಿನ ತವರಲ್ಲೇ ಕೂತು ನನ್ನ ಕೇಳ್ತಿದ್ದೀಯಲ್ಲ ಮಾರಾಯ! ನಿಮ್ಮೂರಿನ ಹೆಸರಿನ ಬೆರಳುದ್ದದ ಸಾಸೇಜೇ ಸಾಕು. ಏಳರಿಂದ ಒಂಬತ್ತು ಸೆಂಟಿಮೀಟರ್ ಉದ್ದ, ಒಂದೊಂದು 20ರಿಂದ 25 ಗ್ರಾಂ, ಒಳಗೆ ಮಾರ್ಜೋರಮ್ ಸೊಪ್ಪಿನ ಘಮ. 2003ರಿಂದ ಆ ಹೆಸರಿಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಇದ್ದ ಹಾಗೆ, ಆ ಊರಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಚಿಕ್ಕದಾದ್ದರಿಂದ ಬೇಗ ಬೇಯುತ್ತೆ, ನಿನಗೆ ಬೇಕಾಗಿರೋದೂ ಅದೇ.

ಪ್ಯಾಕೆಟ್ ಮೇಲೆ ‘ಗೆಬ್ರೂಟ್’ ಅಂತಿದ್ದರೆ ಬಿಸಿನೀರಲ್ಲಿ ಬೇಯಿಸಿದ್ದು, ‘ರೋ’ ಅಂತಿದ್ದರೆ ಹಸಿ. ಹಸಿಯಾಗಿದ್ದರೆ ತಂದ ದಿನವೇ ಮಾಡಿ ಮುಗಿಸು. ತಣ್ಣಗಿನ ಪ್ಯಾನಿಗೇ ಹಾಕಿ ನಿಧಾನಕ್ಕೆ ಬಿಸಿ ಮಾಡು, ಒಮ್ಮೆಲೇ ಕಾದ ಪ್ಯಾನಿಗೆ ಹಾಕಿದರೆ ಚರ್ಮ ಒಡೆದು ರಸವೆಲ್ಲಾ ಸುರಿದುಹೋಗುತ್ತೆ. ಫೋರ್ಕಿನಿಂದ ಚುಚ್ಚೋ ಅಭ್ಯಾಸ ಇದ್ದರೆ ಬಿಟ್ಟುಬಿಡು, ಅದರಿಂದಲೂ ಹಾಗೇ ಆಗೋದು. ಥರ್ಮಾಮೀಟರ್ ಇದ್ದರೆ ಹಂದಿಮಾಂಸದ್ದು ಒಳಗೆ 71 ಡಿಗ್ರಿ, ಕೋಳಿಯದ್ದು 74 ಮುಟ್ಟಬೇಕು. ಇಲ್ಲದಿದ್ದರೆ ಒಂದನ್ನು ಮುರಿದು ನೋಡು, ಒಳಗೆ ಹಸಿ ಗುಲಾಬಿ ಬಣ್ಣ, ಅಂಟಂಟು ಇದ್ದರೆ ಇನ್ನೂ ಆಗಿಲ್ಲ.

ಆಲೂಗಡ್ಡೆಗೆ ‘ಫೆಸ್ಟ್‌ಕೋಖೆಂಡ್’ ಅಂತ ಬರೆದಿರೋ ಚೀಲ ತಾ, ಬೆಂದರೂ ಮುರಿಯೋದಿಲ್ಲ. ‘ಮೇಲಿಗ್‌ಕೋಖೆಂಡ್’ ಅನ್ನೋದು ಹಿಟ್ಟು ಹಿಟ್ಟಾಗಿರುತ್ತೆ, ಅದು ಪಲ್ಯದ ದೋಸೆಗೆ ಸರಿ. ಒಂದೇ ಒಲೆ ಅಂದೆಯಲ್ಲ, ಅಲ್ಲಿಯವರು ಮಾಡೋ ಉಪಾಯ ನೀನೂ ಮಾಡು: ಹಿಂದಿನ ರಾತ್ರಿಯೇ ನಾಲ್ಕು ಆಲೂಗಡ್ಡೆ ಬೇಯಿಸಿ ಫ್ರಿಜ್ಜಿಗೆ ಸೇರಿಸಿಬಿಡು. ಬೆಂದು ತಣ್ಣಗಾದ ಆಲೂಗಡ್ಡೆ ಗಟ್ಟಿಯಾಗಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯೋಕೆ ಬರುತ್ತೆ, ಹತ್ತೇ ನಿಮಿಷಕ್ಕೆ ಗರಿಗರಿ. (ಹಾಸನದವರು ಗಮನಿಸಿ, ಫ್ರಿಜ್ಜಿಗೆ ಬೇಡ ಅಂದಿದ್ದು ಹಸಿ ಗಡ್ಡೆಗೆ.) ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಉಳಿದಿದ್ದರೆ ಇಳಿಸುವ ಮುನ್ನ ಒಂದು ಚಮಚ ಉದುರಿಸು. ಸಾಸಿವೆ ಗೊಜ್ಜಿನಂಥ ಮಸ್ಟರ್ಡ್ ಅಲ್ಲೇ ಅಗ್ಗಕ್ಕೆ ಸಿಗುತ್ತೆ.

ಪ್ರಶ್ನೆ: ಮಗ ವಾರಕ್ಕೆ ನಾಲ್ಕು ದಿನ ಸಾಸೇಜು ಬೇಕು ಅಂತಾನೆ. ಹಾಕಬಹುದಾ ಮೇಡಂ?
— ಕುವೆಂಪುನಗರ, ಮೈಸೂರು

ಉತ್ತರ: ನಾಲ್ಕು ದಿನ ಜಾಸ್ತಿಯಾಯ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಸಾಸೇಜು, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ದಿನಾ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಪ್ರತಿಶತ ಏರುತ್ತದೆ ಅಂತ ಅವರ ಲೆಕ್ಕ. ಹೆದರಿ ಪೂರ್ತಿ ನಿಲ್ಲಿಸಿ ಅಂತಲ್ಲ. ಅಪರೂಪಕ್ಕೊಮ್ಮೆ ಮಾಡಿ, ಮಾಡಿದ ದಿನ ಸಾಸೇಜು ಕಡಿಮೆ ಮಾಡಿ ಆಲೂಗಡ್ಡೆ, ಬೀನ್ಸ್, ಕ್ಯಾರೆಟ್ ಜಾಸ್ತಿ ಹಾಕಿ. ಉಳಿದ ದಿನ ಅದೇ ಬಾಣಲೆಗೆ ಮೊಟ್ಟೆ ಒಡೆದು ಹಾಕಿ. ಎರಡು ದಿನ ಮುಖ ಊದಿಸಿಕೊಳ್ಳುತ್ತಾನೆ, ಆಮೇಲೆ ಸರಿಹೋಗುತ್ತಾನೆ.

ಪ್ರಶ್ನೆ: ನಾವು ಗಂಡ ಹೆಂಡತಿ ತಿನ್ನುತ್ತೇವೆ, ಅತ್ತೆ ತಿನ್ನೋದಿಲ್ಲ. ಒಂದೇ ಬಾಣಲೆಯಲ್ಲಿ ಇಬ್ಬರಿಗೂ ಆಗೋ ಹಾಗೆ ಮಾಡಬಹುದಾ? ಮೊದಲು ಆಲೂಗಡ್ಡೆ ತೆಗೆದಿಟ್ಟು ಆಮೇಲೆ ಸಾಸೇಜು ಹಾಕಿದರೆ?
— ಶಿವಮೊಗ್ಗ

ಉತ್ತರ: ಅಡುಗೆಯ ಲೆಕ್ಕದಲ್ಲಿ ಆಗುತ್ತೆ. ಅತ್ತೆಯ ಲೆಕ್ಕದಲ್ಲಿ ಆ ಬಾಣಲೆಗೆ ನಿನ್ನೆ ಏನು ಬಿದ್ದಿತ್ತು ಅನ್ನೋದೂ ಸೇರುತ್ತೆ. ಅವರಿಗೆ ಬೇರೆ ಬಾಣಲೆ, ಬೇರೆ ಸೌಟು ಇಡಿ. ಅದೇ ರೀತಿ ಆಲೂಗಡ್ಡೆ ಬೇಯಿಸಿ ಹುರಿದು, ಸಾಸೇಜಿನ ಬದಲು ಪನೀರ್ ಇಲ್ಲಾ ಅಣಬೆ ಹಾಕಿ, ಅಣಬೆ ನೀರು ಬಿಡುತ್ತೆ, ಆರೋ ತನಕ ಕಾಯಿರಿ. ತೊಳೆಯೋದು ಒಂದು ಪಾತ್ರೆ ಜಾಸ್ತಿ, ಮನೆಯಲ್ಲಿ ಮಾತು ಕಡಿಮೆ.

ಪ್ರಶ್ನೆ: ತಿಂದಿದ್ದೇನೋ ಆಯ್ತು. ಬಾಣಲೆಯ ತಳಕ್ಕೆ ಹತ್ತಿದ್ದನ್ನು ಉಜ್ಜೋದು ಯಾರು?
— ದಾವಣಗೆರೆ

ಉತ್ತರ: ಅಡುಗೆ ಮಾಡದವರು! ಆದರೂ ಹೇಳ್ತೀನಿ. ಸ್ಟೀಲ್ ಅಥವಾ ಕಬ್ಬಿಣದ್ದಾದರೆ ಬಾಣಲೆ ಬಿಸಿ ಇರುವಾಗಲೇ ಒಂದು ಲೋಟ ಬಿಸಿನೀರು ಸುರಿದು ಮರದ ಸೌಟಿನಿಂದ ಕೆರೆಯಿರಿ, ತಳದ್ದೆಲ್ಲಾ ಎದ್ದು ಬರುತ್ತೆ. ನಾನ್‌ಸ್ಟಿಕ್ ಆದರೆ ಪೂರ್ತಿ ತಣ್ಣಗಾಗೋ ತನಕ ಕಾಯಿರಿ, ಕಾದಿರುವಾಗ ನೀರು ಬಿದ್ದರೆ ತಳ ಸೊಟ್ಟಗಾಗುತ್ತೆ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ಹಾಕಿದ ಅಡುಗೆಯನ್ನು ಬೆಳಗಿನ ತನಕ ಬಿಡಬೇಡಿ, ಕಬ್ಬಿಣದ ವಾಸನೆ ಹಿಡಿಯುತ್ತೆ, ಕಪ್ಪಾಗುತ್ತೆ. ಡಬ್ಬಿಗೆ ತೆಗೆದು ಫ್ರಿಜ್ಜಿಗೆ ಹಾಕಿ. ತೊಳೆದ ಬಾಣಲೆಯನ್ನು ಒಲೆಯ ಮೇಲೆ ಒಂದು ನಿಮಿಷ ಕಾಯಿಸಿ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಇಡಿ.